‘ನೀನಾ?’ ಎಂದು ಸತ್ತವನ ಕಥೆ: 17 ವರ್ಷ ಕಾಡಿದ ಒಂದು ಪ್ರಶ್ನೆ

ಅವನಿಗೆ ಬೇಕಿದ್ದುದು ಒಂದು ಲೋಟ ಒಳ್ಳೆ ವೈನ್, ಅಷ್ಟೆ. ಅವತ್ತೇ ಒಮ್ಮೆ ಸತ್ತು ಬದುಕಿ ಬಂದಿದ್ದ. ಅರಮನೆಯ ಉಗ್ರಾಣ ಎಲ್ಲಿದೆ ಎಂದು ಹುಡುಕುತ್ತಾ ಒಂದು ಸಣ್ಣ ಬಾಗಿಲು ತೆಗೆದ. ಒಂದು ಹೆಜ್ಜೆ ಇಟ್ಟವನು ಹಾಗೇ ನಿಂತ. ಮುಖ ಬಿಳಿಚಿಕೊಂಡಿತು. ‘ನೀನಾ? ಇಲ್ಲ!’ ಎಂದ. ಮಾತು ಮುಗಿಯುವಷ್ಟರಲ್ಲಿ ಪ್ರಾಣ ಹೋಗಿತ್ತು.

ಸತ್ತವನ ಹೆಸರು ಆಸ್ಮೋಡಿಯನ್. ಪುಸ್ತಕ ‘ದಿ ಫೈರ್ಸ್ ಆಫ್ ಹೆವನ್’. ಅಮೆರಿಕದ ಲೇಖಕ ರಾಬರ್ಟ್ ಜೋರ್ಡನ್ ಬರೆದ ‘ದಿ ವೀಲ್ ಆಫ್ ಟೈಮ್’ ಸರಣಿಯ ಐದನೇ ಸಂಪುಟ. ಅದು ಬಂದದ್ದು 1993ರ ಅಕ್ಟೋಬರ್‌ನಲ್ಲಿ. ಕೊಂದವರು ಯಾರು ಎಂಬುದು ಅಚ್ಚಾಗಿ ಓದುಗರ ಕೈಗೆ ಸಿಕ್ಕಿದ್ದು 2010ರ ನವೆಂಬರ್‌ನಲ್ಲಿ. ನಡುವೆ 17 ವರ್ಷ. ಅಷ್ಟರಲ್ಲಿ ಬರೆದವರೇ ತೀರಿಕೊಂಡಿದ್ದರು.

(ಸರಣಿಯನ್ನು ಇನ್ನೂ ಓದದವರಿಗೆ ಒಂದು ಮಾತು. ಮುಂದೆ ಕೊಲೆಗಾರರ ಹೆಸರು ಬರುತ್ತದೆ. ಓದುವ ಆಸೆ ಇದ್ದರೆ ಇಲ್ಲೇ ನಿಲ್ಲಿಸಿ.)

ಕಲ್ಪಿತ ಲೋಕದ ಕಥೆಗಳಿಗೆ ಪ್ರಶ್ನೆಗಳು ಹುಟ್ಟುವುದು ಹೊಸದಲ್ಲ. ಆದರೆ ಈ ಪ್ರಶ್ನೆಯ ಹಾಗೆ ಇಷ್ಟು ಸಣ್ಣದಾಗಿದ್ದು ಇಷ್ಟು ಕಾಲ ಬಾಳಿದ್ದು ಇನ್ನೊಂದು ನನಗೆ ಗೊತ್ತಿಲ್ಲ. ಒಂದು ಪಾತ್ರ, ಒಂದು ಬಾಗಿಲು, ಎರಡೇ ಎರಡು ಪದ.

ಜೋರ್ಡನ್ ಅವರ ನಿಜ ಹೆಸರು ಜೇಮ್ಸ್ ಆಲಿವರ್ ರಿಗ್ನಿ ಜೂನಿಯರ್. 1948ರಲ್ಲಿ ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ಹುಟ್ಟಿದವರು. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರ್‌ನಲ್ಲಿ ಗನ್ನರ್ ಆಗಿದ್ದರು. ವಾಪಸ್ ಬಂದು ಭೌತಶಾಸ್ತ್ರ ಓದಿದರು, ಅಮೆರಿಕದ ನೌಕಾಪಡೆಗೆ ಪರಮಾಣು ಎಂಜಿನಿಯರ್ ಆಗಿ ದುಡಿದರು. ಇದನ್ನು ಸುಮ್ನೆ ಹೇಳುತ್ತಿಲ್ಲ. ಅವರ ಮಂತ್ರಶಕ್ತಿಗೆ ಎಂಜಿನಿಯರ್ ಹಾಕಿದಂಥ ಲೆಕ್ಕಾಚಾರ ಇದೆ. ಯಾರು ಎಷ್ಟು ಶಕ್ತಿ ಎಳೆಯಬಹುದು, ಯಾವುದರಿಂದ ಏನಾಗುತ್ತದೆ, ಎಲ್ಲಕ್ಕೂ ನಿಯಮ. ನಿಯಮ ಇದ್ದಲ್ಲಿ ಓದುಗ ಪತ್ತೇದಾರ ಆಗುತ್ತಾನೆ, ಅಲ್ವಾ?

ಈ ಲೋಕ ನಮ್ಮ ಓದುಗರಿಗೆ ಪೂರ್ತಿ ಪರದೇಶಿಯೂ ಅಲ್ಲ. ಕಾಲ ನೇರ ಗೆರೆಯಲ್ಲ, ಅದು ತಿರುಗುವ ಚಕ್ರ, ಯುಗಗಳು ಹೋಗಿ ಮತ್ತೆ ಬರುತ್ತವೆ ಎನ್ನುವ ಮೂಲ ಕಲ್ಪನೆಯನ್ನು ಹಿಂದೂ ಪುರಾಣದಿಂದ ತೆಗೆದುಕೊಂಡೆ ಎಂದು ಜೋರ್ಡನ್ ಅವರೇ ಹೇಳಿದ್ದರು. ನಮ್ಮದು ನಾಲ್ಕು ಯುಗ, ಅವರದು ಏಳು. ಇನ್ನೊಂದು ವ್ಯತ್ಯಾಸ ನನಗೆ ತುಂಬಾ ಇಷ್ಟ. ಅವರ ಚಕ್ರ ರಥದ ಚಕ್ರವಲ್ಲ, ರಾಟೆ. ಮನುಷ್ಯರ ಬದುಕೇ ಅದು ತೆಗೆಯುವ ನೂಲು. ಆ ನೂಲಿನಿಂದ ಯುಗದ ನೇಯ್ಗೆ ಆಗುತ್ತದೆ. ಕೈಮಗ್ಗ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಆಸ್ಮೋಡಿಯನ್ ಕಥೆ ಅರ್ಥವಾಗಬೇಕಾದರೆ ಈ ನೂಲಿನ ವಿಷಯ ಬೇಕು. ಆ ಲೋಕದಲ್ಲಿ ‘ಬೇಲ್‌ಫೈರ್’ ಎಂಬ ಬೆಂಕಿ ಇದೆ. ಅದು ತಗುಲಿದವನು ಆ ಕ್ಷಣದಲ್ಲಿ ಸಾಯುವುದಿಲ್ಲ, ಸ್ವಲ್ಪ ಹಿಂದೆಯೇ ಸತ್ತಿರುತ್ತಾನೆ. ಅವನ ನೂಲು ಹಿಂದಕ್ಕೆ ಸುಟ್ಟುಹೋಗುತ್ತದೆ. ಆ ಸುಟ್ಟ ಹೊತ್ತಿನಲ್ಲಿ ಅವನು ಮಾಡಿದ ಕೆಲಸವೂ ಆಗದೇ ಇದ್ದ ಹಾಗೆ ಅಳಿಸಿಹೋಗುತ್ತದೆ. ಅವತ್ತು ಕೇಮ್ಲಿನ್ ಅರಮನೆಯ ಮೇಲೆ ನಾಯಕ ರಾಂಡ್ ದಾಳಿ ಮಾಡಿದ. ಶತ್ರು ರಾಹ್ವಿನ್ ಸಿಡಿಲು ಬರಿಸಿದ. ರಾಂಡ್‌ನ ಗೆಳೆಯ ಮ್ಯಾಟ್, ಪ್ರೇಯಸಿ ಅವಿಯೆಂಡಾ, ಜೊತೆಗಿದ್ದ ಆಸ್ಮೋಡಿಯನ್, ಮೂವರೂ ಸತ್ತರು. ರಾಂಡ್ ರಾಹ್ವಿನ್‌ನನ್ನು ಅಟ್ಟಿಸಿಕೊಂಡು ಹೋಗಿ ಬೇಲ್‌ಫೈರ್‌ನಿಂದ ಸುಟ್ಟ. ರಾಹ್ವಿನ್ ಹಿಂದೆಯೇ ಸತ್ತಿದ್ದರಿಂದ ಆ ಸಿಡಿಲು ಬೀಳಲೇ ಇಲ್ಲ ಎಂದಾಯಿತು. ಮೂವರೂ ಎದ್ದು ನಿಂತರು. ಓದುಗ ಉಸಿರು ಬಿಡುವ ಹೊತ್ತಿಗೆ ಆ ಸಣ್ಣ ಬಾಗಿಲು ತೆರೆಯುತ್ತದೆ.

ಆಸ್ಮೋಡಿಯನ್ ಏನೂ ಒಳ್ಳೆಯವನಲ್ಲ. ಕತ್ತಲೆಯ ಒಡೆಯನಿಗೆ ತಮ್ಮನ್ನು ಮಾರಿಕೊಂಡ 13 ಮಂದಿ ‘ಫರ್ಸೇಕನ್’ಗಳಲ್ಲಿ ಒಬ್ಬ. ಮೂಲದಲ್ಲಿ ಸಂಗೀತಗಾರ. ಸಾವೇ ಇಲ್ಲದೆ ಸಂಗೀತ ಮಾಡಿಕೊಂಡಿರಬೇಕು ಎಂಬ ಆಸೆಗೆ ಬಿದ್ದು ಆ ಕಡೆ ಹೋದವನು. ನಾಲ್ಕನೇ ಪುಸ್ತಕದ ಕೊನೆಯಲ್ಲಿ ರಾಂಡ್ ಕೈಗೆ ಸಿಕ್ಕಿಬಿದ್ದ. ಒಡೆಯನ ಜೊತೆಗಿನ ಅವನ ಕೊಂಡಿಯನ್ನು ರಾಂಡ್ ಕತ್ತರಿಸಿದ. ಆಮೇಲೆ ವೇಷ ಮರೆಸಿಕೊಂಡು, ಹಾಡುಗಾರ ಎಂದು ಹೇಳಿಕೊಂಡು, ರಾಂಡ್‌ಗೇ ಮಂತ್ರವಿದ್ಯೆ ಕಲಿಸುವ ಗುರುವಾದ. ಒಂದಿಡೀ ಪುಸ್ತಕ ಅವನ ಹಾರ್ಪ್ ನಾದ, ಅವನ ಹೆದರಿಕೆ, ಅವನ ಕೊಂಕು ಮಾತು ನಮ್ಮ ಜೊತೆ ಇರುತ್ತವೆ. ಗೊತ್ತಿಲ್ಲದ ಹಾಗೆ ಅವನ ಮೇಲೆ ಒಂದು ಸಲುಗೆ ಬೆಳೆದಿರುತ್ತದೆ. ಅಷ್ಟರಲ್ಲಿ ಹೋದ.

ನಾನು ಮೊದಲ ಸಲ ಓದಿದಾಗ ಒಂದು ಪುಟ ಹರಿದುಹೋಗಿದೆಯೇನೋ ಅಂದುಕೊಂಡು ಹಿಂದೆ ತಿರುಗಿಸಿ ನೋಡಿದ್ದೆ. ಪುಟ ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಮುಂದಿನ ಪುಸ್ತಕ ತೆಗೆದರೆ ಅಲ್ಲಿ ಯಾರೂ ಅವನಿಗಾಗಿ ಅಳುವುದಿಲ್ಲ, ಯಾರೂ ತನಿಖೆ ಮಾಡುವುದಿಲ್ಲ. ಕಥೆಯೊಳಗಿನ ಜನಕ್ಕೆ ಅವನು ಮಾಯವಾದ ಒಬ್ಬ ಮನುಷ್ಯ. ಅವನ ಸಾವಿಗೆ ಉತ್ತರ ಬೇಕು ಅನ್ನಿಸಿದ್ದು ಓದುಗರಿಗೆ ಮಾತ್ರ. ಪ್ರಶ್ನೆ ಅಷ್ಟು ಗಟ್ಟಿಯಾಗಿ ಉಳಿಯಲು ನನ್ನ ಪ್ರಕಾರ ಇದೇ ಕಾರಣ.

ಮೊದಲು ಎಲ್ಲರೂ ಹಿಡಿದದ್ದು ಆ ಎರಡು ಪದವನ್ನು. ಇಂಗ್ಲಿಷಿನ ‘ಯೂ’ ಏನನ್ನೂ ಬಿಟ್ಟುಕೊಡುವುದಿಲ್ಲ. ಗಂಡೋ ಹೆಣ್ಣೋ, ಒಬ್ಬರೋ ಇಬ್ಬರೋ, ದೊಡ್ಡವರೋ ಚಿಕ್ಕವರೋ ತಿಳಿಯುವುದಿಲ್ಲ. ಇದನ್ನು ಕನ್ನಡದಲ್ಲಿ ಹೇಳಲು ಹೋದರೆ ಅರ್ಧ ಗುಟ್ಟು ರಟ್ಟಾಗುತ್ತದೆ. ‘ನೀನಾ?’ ಅಂದರೆ ಸರೀಕರು. ‘ನೀವಾ?’ ಅಂದರೆ ಹೆದರಬೇಕಾದ ಯಾರೋ, ಅಥವಾ ಇಬ್ಬರು ಮೂವರು. ಮುಂದಿನ ಪದವೂ ಅಷ್ಟೇ. ‘ಇಲ್ಲ’ ಅಂದರೆ ನಂಬಲಾರೆ ಎಂದ ಹಾಗೆ. ‘ಬೇಡ’ ಅಂದರೆ ಕೊಲ್ಲಬೇಡ ಎಂದು ಬೇಡಿಕೊಂಡ ಹಾಗೆ. ಕನ್ನಡಕ್ಕೆ ತರುವವರು ಕೊಲೆಗಾರ ಯಾರೆಂದು ಮೊದಲೇ ತೀರ್ಮಾನ ಮಾಡಿಕೊಳ್ಳಬೇಕು. ನಾನು ಮೇಲೆ ‘ನೀನಾ? ಇಲ್ಲ!’ ಎಂದು ಬರೆದದ್ದು ಉತ್ತರ ಗೊತ್ತಿದ್ದುದರಿಂದ.

ಒಂದಂತೂ ಖಚಿತವಿತ್ತು. ಕೊಂದವರ ಗುರುತು ಅವನಿಗೆ ಇತ್ತು, ನೋಡಿದ ಕೂಡಲೇ ಜೀವ ಹಾರುವಷ್ಟು ಭಯವೂ ಇತ್ತು. ಇಲ್ಲಿಂದ ಓದುಗರು ಪಟ್ಟಿ ಮಾಡಲು ಕೂತರು. ಇಂಟರ್ನೆಟ್ ಆಗ ತಾನೇ ಮನೆಮನೆಗೆ ಬರುತ್ತಿತ್ತು. ಯೂಸ್‌ನೆಟ್ ಎಂಬ ಆಗಿನ ಇಂಟರ್ನೆಟ್ ಚರ್ಚಾ ಗುಂಪುಗಳಲ್ಲಿ ಜೋರ್ಡನ್ ಓದುಗರು ಸೇರಿ, ಯಾವ ದಿನ ಯಾರು ಎಲ್ಲಿದ್ದರು ಎಂದು ಅಧ್ಯಾಯ ಅಧ್ಯಾಯ ಜಾಲಾಡಿದರು. ಮೊದಲ ಅನುಮಾನ ಫರ್ಸೇಕನ್‌ಗಳಲ್ಲೇ ಒಬ್ಬಳಾದ ಲ್ಯಾನ್‌ಫಿಯರ್ ಮೇಲೆ. ಅವನನ್ನು ಗುರುವಾಗಿ ಕಟ್ಟಿಹಾಕಿದ್ದೇ ಅವಳು. ಆದರೆ ಅವಳು ಅದಕ್ಕೆ ಸ್ವಲ್ಪ ಮೊದಲು ಒಂದು ಮಾಯಾದ್ವಾರದೊಳಗೆ ಬಿದ್ದು ಹೋಗಿದ್ದಳು. ಇನ್ನೊಬ್ಬಳು ಮೊಗೆಡಿಯನ್? ಆ ಹೊತ್ತಿಗೆ ಅವಳು ಕನಸಿನ ಲೋಕದಲ್ಲಿ ರಾಂಡ್ ಕಡೆಯ ನೈನೀವ್ ಕೈಯಲ್ಲಿ ಬಂದಿ. ಸಮ್ಮಾಯೆಲ್, ಡೆಮಾಂಡ್ರೆಡ್, ಮೆಸಾನಾ ಎಂಬ ಬೇರೆ ಫರ್ಸೇಕನ್‌ಗಳು, ‘ಸ್ಲೇಯರ್’ ಎಂಬ ಹಂತಕ, ಒಬ್ಬೊಬ್ಬರ ಮೇಲೂ ವಾದ ಬಂತು. ಕೊನೆಗೆ ಹಳ್ಳಿಯಿಂದ ನಾಯಕರ ಜೊತೆ ಬಂದ ಬೆಲಾ ಎಂಬ ಬಡಪಾಯಿ ಕುದುರೆಯನ್ನೂ ಓದುಗರು ಪ್ರೀತಿಯಿಂದ ಪಟ್ಟಿಗೆ ಸೇರಿಸಿದರು.

ಕೆಲಸ ಸುಲಭವಿರಲಿಲ್ಲ. ಆರನೇ ಪುಸ್ತಕದಿಂದ ಸತ್ತ ಫರ್ಸೇಕನ್‌ಗಳು ಬೇರೆ ದೇಹದಲ್ಲಿ ವಾಪಸ್ ಬರತೊಡಗಿದರು. ಹಾಗಾದರೆ ಆಸ್ಮೋಡಿಯನ್ ಕೂಡ ಬರಬಹುದಲ್ಲ? ಇಲ್ಲ, ಅವನು ಹೋದವನು ಹೋದ ಹಾಗೆಯೇ ಎಂದು ಜೋರ್ಡನ್ ಸ್ಪಷ್ಟ ಮಾಡಿದರು. ಕೊಂದವರು ಯಾರು ಎಂದರೆ ಮಾತ್ರ ಬಾಯಿ ಬಿಡಲಿಲ್ಲ. ಗಮನವಿಟ್ಟು ಓದಿದರೆ ತಾನಾಗೇ ಹೊಳೆಯಬೇಕು ಎಂಬುದು ಅವರ ಮಾತು. ಓದುಗರು ತಲೆ ಕೆಡಿಸಿಕೊಳ್ಳುವುದನ್ನು ನೋಡುವುದು ಅವರಿಗೆ ಖುಷಿ ಕೊಡುತ್ತಿತ್ತು, ಅದನ್ನು ಮುಚ್ಚಿಡಲೂ ಇಲ್ಲ. ಮಿಕ್ಕ ಪ್ರಶ್ನೆಗಳಿಗೆ ಅವರದು ಒಂದೇ ಉತ್ತರ: ಓದಿ, ತಿಳಿಯುತ್ತದೆ. ಅದರ ಇಂಗ್ಲಿಷ್ ಮೊದಲಕ್ಷರಗಳು ಸೇರಿ ‘ರಾಫೋ’ ಎಂಬ ಪದವೇ ಹುಟ್ಟಿತು. ಅಭಿಮಾನಿಗಳ ನಡುವೆ ಇವತ್ತಿಗೂ ಬಳಕೆಯಲ್ಲಿದೆ.

ಇಲ್ಲಿ ನಾನು ಜೋರ್ಡನ್ ಪರ ನಿಲ್ಲಲಾರೆ. ಅವರ ಮೇಲೆ ನನಗೆ ಅಪಾರ ಗೌರವ ಇದೆ, ಆದರೆ ಅದು ತಾನಾಗಿ ಹೊಳೆಯುವ ಉತ್ತರ ಆಗಿರಲಿಲ್ಲ. ಯಾವ ಪಾತ್ರ ಯಾವ ಹೊತ್ತಿಗೆ ಎಲ್ಲಿದೆ ಎಂಬ ನಕ್ಷೆ ಬರೆಯುವವರ ತಲೆಯಲ್ಲಿ ಪೂರ್ತಿ ಇರುತ್ತದೆ. ಓದುಗನಿಗೆ ಸಿಗುವುದು ಅದರಿಂದ ಪುಟಕ್ಕೆ ಇಳಿದಷ್ಟು ಮಾತ್ರ. ವರ್ಷಗಟ್ಟಲೆ ಅಷ್ಟು ಜನ ಹುಡುಕಿಯೂ ಒಮ್ಮತಕ್ಕೆ ಬರಲಿಲ್ಲ ಅಂದರೆ ಸುಳಿವು ಸಾಲದಾಗಿತ್ತು ಎಂದೇ ಅರ್ಥ.

ಆದರೂ ಆ ಹುಡುಕಾಟದಿಂದ ಒಂದು ಓದುವ ರೀತಿ ಬೆಳೆಯಿತು. ಮಜ್ರಿಮ್ ತೈಮ್ ಕಥೆ ನೋಡಿ. 1994ರ ‘ಲಾರ್ಡ್ ಆಫ್ ಕೇಯಾಸ್’ನಲ್ಲಿ ಬರುವ ಈ ಮನುಷ್ಯ ಮರುಭೂಮಿಯ ಆಯೆಲ್ ಜನರ ಬಗ್ಗೆ ಮಾತಾಡುವಾಗ ‘ಆಯೆಲ್ ಅಂತೆ’ ಎಂಬ ಧಾಟಿಯಲ್ಲಿ ಹೇಳುತ್ತಾನೆ. ಓದುಗರು ಅಲ್ಲೇ ಹಿಡಿದರು. ಆಯೆಲ್ ಜನ ಒಂದು ಕಾಲದಲ್ಲಿ ಆಯುಧ ಮುಟ್ಟದ ಶಾಂತಿವಂತರು. ಸಾವಿರಾರು ವರ್ಷಗಳ ಹಿಂದಿನ ಆ ಕಾಲವನ್ನು ಕಣ್ಣಾರೆ ಕಂಡವರಿಗೆ ಮಾತ್ರ ಈಗಿನ ಯೋಧ ಆಯೆಲ್‌ಗಳು ನಕಲಿ ಅನ್ನಿಸಬೇಕು. ಹಾಗಾದರೆ ತೈಮ್ ವೇಷದಲ್ಲಿರುವುದು ಹಳೆಯ ಕಾಲದ ಡೆಮಾಂಡ್ರೆಡ್! ಎಷ್ಟು ಚೆಂದದ ಊಹೆ. ಎರಡೂ ಹೆಸರನ್ನು ಬೆಸೆದು ‘ತೈಮಾಂಡ್ರೆಡ್’ ಎಂದು ಕರೆದರು. ಅದು ನಿಜವಲ್ಲ ಎಂದು ಜೋರ್ಡನ್ ಹೇಳಿದರು. ಕೊನೆಯ ಪುಸ್ತಕದಲ್ಲಿ ಡೆಮಾಂಡ್ರೆಡ್ ದೂರದ ಷಾರಾ ದೇಶದ ಸೈನ್ಯ ಕಟ್ಟಿಕೊಂಡು ಬಂದ. ಊಹೆ ಬಿದ್ದುಹೋಯಿತು. ಆದರೆ ಅಷ್ಟು ಸಣ್ಣ ಮಾತಿನ ಮೇಲೆ ಕಣ್ಣಿಟ್ಟು ಓದಿದವರ ಶ್ರದ್ಧೆ ದೊಡ್ಡದು.

2006ರ ಮಾರ್ಚ್‌ನಲ್ಲಿ ತಮಗೆ ಹೃದಯದ ಅಪರೂಪದ ಕಾಯಿಲೆ ಇದೆ ಎಂದು ಜೋರ್ಡನ್ ತಿಳಿಸಿದರು. ಕೊನೆಯ ದಿನಗಳಲ್ಲಿ ಕಥೆ ಹೇಗೆ ಮುಗಿಯಬೇಕೆಂದು ಮನೆಯವರಿಗೆ ಬಾಯಲ್ಲೇ ಹೇಳಿದರು. 2007ರ ಸೆಪ್ಟೆಂಬರ್ 16ರಂದು ತೀರಿಕೊಂಡರು. ಅವರ ಹೆಂಡತಿ ಹ್ಯಾರಿಯೆಟ್ ಮೆಕ್‌ಡೂಗಲ್ ಅವರೇ ಸರಣಿಯ ಸಂಪಾದಕಿ. ಅವರು ಯುವ ಲೇಖಕ ಬ್ರಾಂಡನ್ ಸ್ಯಾಂಡರ್ಸನ್ ಅವರನ್ನು ಆರಿಸಿದರು. ಸ್ಯಾಂಡರ್ಸನ್ ಹದಿಹರೆಯದಿಂದ ಈ ಸರಣಿಯ ಓದುಗ. ಎಲ್ಲರ ಜೊತೆ ಅದೇ ಪ್ರಶ್ನೆ ಇಟ್ಟುಕೊಂಡು ಬೆಳೆದ ಒಬ್ಬನ ಕೈಗೆ ಉತ್ತರ ಇರುವ ಟಿಪ್ಪಣಿಗಳು ಬಂದವು. ಅದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಒಂದು ಪುಸ್ತಕದಲ್ಲಿ ಮುಗಿಯಬೇಕಿದ್ದ ಕಥೆ ಮೂರಾಯಿತು. 2009ರಲ್ಲಿ ಬಂದ ಮೊದಲನೆಯದರಲ್ಲಿ ರಾಂಡ್ ಒಂದು ಕೋಟೆಯನ್ನೇ ಬೇಲ್‌ಫೈರ್‌ನಿಂದ ಅಳಿಸಿಹಾಕುತ್ತಾನೆ. ಒಳಗೆ ಗ್ರೆಂಡಾಲ್ ಎಂಬ ಇನ್ನೊಬ್ಬ ಫರ್ಸೇಕನ್ ಇದ್ದಳು, ಅವಳ ಕಥೆ ಮುಗಿಯಿತು ಎಂದು ಜಾಸ್ತಿ ಓದುಗರು ಅಂದುಕೊಂಡರು. ಮರುವರ್ಷ ನವೆಂಬರ್‌ನಲ್ಲಿ ‘ಟವರ್ಸ್ ಆಫ್ ಮಿಡ್‌ನೈಟ್’ ಬಂತು. ಅವಳು ತಪ್ಪಿಸಿಕೊಂಡಿದ್ದಳು. ಪುಸ್ತಕದ ಕೊನೆಯ ಪದಕೋಶದಲ್ಲಿ, ಅವಳ ಹೆಸರಿನ ಕೆಳಗೆ, ಆಸ್ಮೋಡಿಯನ್‌ನನ್ನು ಕೊಂದವಳು ಇವಳೇ ಎಂದು ಬರೆದಿತ್ತು.

ಪದಕೋಶದಲ್ಲಿ! 17 ವರ್ಷದ ಉತ್ತರ ಸಿಕ್ಕಿದ್ದು ಎಷ್ಟೋ ಜನ ತಿರುವಿಯೂ ನೋಡದ ಪುಟಗಳಲ್ಲಿ. ಕೆಲವರಿಗೆ ಬೇಜಾರಾಯಿತು. ನನಗೂ ಮೊದಲು ಹಾಗೇ ಅನ್ನಿಸಿತು. ಆಮೇಲೆ ಯೋಚಿಸಿದರೆ ಬೇರೆ ದಾರಿ ಕಾಣಲಿಲ್ಲ. ಕಥೆಯೊಳಗೆ ಆ ಪ್ರಶ್ನೆ ಕೇಳುವವರೇ ಇರಲಿಲ್ಲವಲ್ಲ. ಕೇಳಿದವರು ಓದುಗರು, ಉತ್ತರವನ್ನು ನೇರವಾಗಿ ಅವರಿಗೇ ಕೊಟ್ಟರು. ಲೆಕ್ಕವೂ ಕೂಡುತ್ತದೆ. ಗ್ರೆಂಡಾಲ್ ರಾಹ್ವಿನ್ ಜೊತೆ ಸೇರಿ ರಾಂಡ್‌ಗೆ ಬಲೆ ಹೆಣೆದವಳು. ರಾಹ್ವಿನ್ ಅರಮನೆಯಲ್ಲಿ ಅವಳು ಸುಳಿದಾಡಿದ್ದರೆ ಆಶ್ಚರ್ಯವಿಲ್ಲ. ಬಾಗಿಲು ತೆಗೆದವನು ಅವಳ ಕಣ್ಣಿಗೆ ದ್ರೋಹಿ.

ಅಮೆಜಾನ್ ಪ್ರೈಮ್‌ನಲ್ಲಿ 2021ರಲ್ಲಿ ಶುರುವಾದ ಧಾರಾವಾಹಿ ಮೂರು ಸೀಸನ್‌ಗೆ, 2025ರಲ್ಲಿ ನಿಂತುಹೋಯಿತು. ಕಥೆ ಆ ಬಾಗಿಲಿನವರೆಗೆ ಬರಲೇ ಇಲ್ಲ. ಅದನ್ನಷ್ಟೇ ನೋಡಿದವರಿಗೆ ಈ ಪ್ರಶ್ನೆ ಹುಟ್ಟೇ ಇಲ್ಲ.

ಸರಣಿ ಮುಗಿದದ್ದು 2013ರ ಜನವರಿಯಲ್ಲಿ, 14ನೇ ಪುಸ್ತಕದೊಂದಿಗೆ. ಬೆಲಾ ಕುದುರೆ ಕೊನೆಯ ಯುದ್ಧದಲ್ಲಿ ಸತ್ತಿತು, ಅದಕ್ಕೆ ಅತ್ತವರು ಬಹಳ. ಕೊನೆಯ ಪುಟಗಳ ಹೆಚ್ಚಿನ ಭಾಗ ಜೋರ್ಡನ್ ಸಾಯುವ ಮೊದಲು ತಾವೇ ಬರೆದಿಟ್ಟದ್ದು. ಅಲ್ಲಿ ರಾಂಡ್ ಒಂಟಿಯಾಗಿ ಕುದುರೆ ಏರಿ ಹೊರಡುತ್ತಾನೆ. ಮಂತ್ರಶಕ್ತಿ ಅವನ ಕೈಬಿಟ್ಟಿರುತ್ತದೆ. ಪೈಪಿಗೆ ಹೊಗೆಸೊಪ್ಪು ತುಂಬುತ್ತಾನೆ, ಬೆಂಕಿ ಇಲ್ಲ. ಅದು ಹೊತ್ತಿಕೊಂಡಿದೆ ಎಂದು ಮನಸ್ಸಿನಲ್ಲಿ ಅಂದುಕೊಳ್ಳುತ್ತಾನೆ. ಪೈಪು ಹೊತ್ತಿಕೊಳ್ಳುತ್ತದೆ. ಹೇಗೆ ಎಂಬುದಕ್ಕೆ ಪುಸ್ತಕದಲ್ಲಿ ಒಂದು ಸಾಲಿನ ವಿವರಣೆಯೂ ಇಲ್ಲ. ಈ ಸಲ ಪದಕೋಶದಲ್ಲೂ ಇಲ್ಲ.