ಬ್ಯಾಲಟ್ಟಿನ ಕೆಳಸಾಲಿನ ಜಡ್ಜುಗಳು

ನವೆಂಬರ್ ಚುನಾವಣೆ ಹತ್ತಿರ ಬಂದರೆ ನನಗೆ ಫೋನುಗಳು ಜಾಸ್ತಿ. ಎಲ್ಲ ಕ್ಯಾರಿ, ಮಾರಿಸ್‌ವಿಲ್ ಕಡೆಯ ನಮ್ಮ ಕನ್ನಡದವರೇ. ಅಧ್ಯಕ್ಷರಿಗೆ, ಗವರ್ನರ್‌ಗೆ ಯಾರಿಗೆ ಹಾಕಬೇಕು ಅಂತ ಅವರು ಆಗಲೇ ತೀರ್ಮಾನ ಮಾಡಿರುತ್ತಾರೆ. ಕೇಳುವುದು ಒಂದೇ ಪ್ರಶ್ನೆ: "ಮೇಡಂ, ಕೆಳಗಡೆ ಜಡ್ಜುಗಳ ಹೆಸರು ಬರುತ್ತಲ್ಲ, ಅಲ್ಲಿ ಏನು ಮಾಡೋದು? ಒಬ್ಬರೂ ಗೊತ್ತಿಲ್ಲ."

ನಾನು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಅಪೀಲು ಕೇಸುಗಳನ್ನೇ ನಡೆಸುವ ವಕೀಲೆ. ಯಾರಿಗೆ ಹಾಕಿ ಅಂತ ನಾನು ಹೇಳುವುದಿಲ್ಲ, ನಾಳೆ ಅವರ ಮುಂದೆಯೇ ನಿಲ್ಲಬೇಕಲ್ಲ. ಆದರೆ ಅವರು ಆ ಕುರ್ಚಿಗೆ ಹೇಗೆ ಬರುತ್ತಾರೆ, ಹೇಗೆ ಹೋಗುತ್ತಾರೆ ಅನ್ನುವುದನ್ನು ಹೇಳಬಲ್ಲೆ.

ಊರಲ್ಲಿ ಹೈಕೋರ್ಟ್ ಜಡ್ಜ್ ಆಗಬೇಕಾದರೆ ಕೊಲಿಜಿಯಂ ಹೆಸರು ಕಳಿಸಬೇಕು. 62ಕ್ಕೆ ನಿವೃತ್ತಿ. ಓಟು ಕೇಳುವ ಮಾತೇ ಇಲ್ಲ. ಇಲ್ಲಿ ಹಾಗಲ್ಲ. 1967ರಲ್ಲಿ ಕೆಲಸ ಶುರು ಮಾಡಿದ ಇಲ್ಲಿನ ಕೋರ್ಟ್ ಆಫ್ ಅಪೀಲ್ಸ್‌ನಲ್ಲಿ 15 ಜಡ್ಜುಗಳಿದ್ದಾರೆ. ಕೆಳಗಿನ ಕೋರ್ಟಿಗೂ ರಾಜ್ಯದ ಸುಪ್ರೀಂ ಕೋರ್ಟಿಗೂ ನಡುವಿನ ಮೆಟ್ಟಿಲು ಇದು. ಒಬ್ಬೊಬ್ಬರನ್ನೂ ಇಡೀ ರಾಜ್ಯ ಓಟು ಹಾಕಿ ಎಂಟು ವರ್ಷಕ್ಕೆ ಆರಿಸುತ್ತದೆ. ನಡುವೆ ಕುರ್ಚಿ ಖಾಲಿಯಾದರೆ ಗವರ್ನರ್ ಒಬ್ಬರನ್ನು ನೇಮಿಸುತ್ತಾರೆ. ಅವರೂ ಆಮೇಲೆ ಜನರ ಮುಂದೆ ಹೋಗಲೇಬೇಕು.

ಕೆಲಸ ನೋಡಿದರೆ ಗದ್ದಲವೇ ಇಲ್ಲದ ಜಾಗ. ಸಾಕ್ಷಿಗಳು ಬರುವುದಿಲ್ಲ, ಜ್ಯೂರಿ ಇಲ್ಲ. ಮೂವರ ಪೀಠ ಕೆಳಗಿನ ಕೋರ್ಟಿನ ದಾಖಲೆ ಓದುತ್ತದೆ, ನಾವು ವಾದವನ್ನು ಬರೆದು ಕೊಟ್ಟ ಬ್ರೀಫ್ ಓದುತ್ತದೆ. ಎಷ್ಟೋ ಕೇಸುಗಳು ವಾದವೇ ಇಲ್ಲದೆ ಬರೀ ಕಾಗದದ ಮೇಲೆ ಮುಗಿಯುತ್ತವೆ. ಮಗು ಯಾರ ಹತ್ತಿರ ಇರಬೇಕು, ಕೆಲಸದಲ್ಲಿ ಬೆನ್ನು ಮುರಿದವನಿಗೆ ಪರಿಹಾರ ಎಷ್ಟು, ಅಜ್ಜಿಯ ಉಯಿಲು ನಿಜವೋ ಸುಳ್ಳೋ, ಇಂಥವು. ಹೆಚ್ಚಿನವರಿಗೆ ಇದೇ ಕೊನೆಯ ಬಾಗಿಲು. ಮೊದಲೆಲ್ಲ ಮೂವರಲ್ಲಿ ಒಬ್ಬರು ಭಿನ್ನ ತೀರ್ಪು ಬರೆದರೆ ಸೋತವರಿಗೆ ಸುಪ್ರೀಂ ಕೋರ್ಟಿಗೆ ಹೋಗುವ ಹಕ್ಕು ತಾನಾಗಿ ಸಿಗುತ್ತಿತ್ತು. 2023ರಲ್ಲಿ ಬಜೆಟ್ ಕಾನೂನಿನೊಳಗೆ ಸೇರಿಸಿ ಅದನ್ನೂ ತೆಗೆದುಹಾಕಿದರು. ನಮ್ಮಂಥ ವಕೀಲರಿಗೆ ಅದು ದೊಡ್ಡ ಪೆಟ್ಟು. ಪೇಪರಿನಲ್ಲಿ ಅದರ ಸುದ್ದಿ ಹುಡುಕಿದರೂ ಸಿಗುವುದು ಕಷ್ಟವಿತ್ತು.

ಈಗ ಒಬ್ಬ ಜಡ್ಜ್ ನಡೆದ ದಾರಿ ನೋಡಿ. ಜಾನ್ ಆರೋವುಡ್, ಷಾರ್ಲಟ್‌ನಲ್ಲಿ ವಕೀಲರಾಗಿದ್ದವರು, ಡೆಮಾಕ್ರಾಟ್. 2007ರಲ್ಲಿ ಗವರ್ನರ್ ಮೈಕ್ ಈಸ್ಲಿ ಅವರನ್ನು ಈ ಕೋರ್ಟಿಗೆ ನೇಮಿಸಿದರು. ಮರುವರ್ಷ ಚುನಾವಣೆ. ಒಬಾಮಾ ಈ ರಾಜ್ಯವನ್ನೇ ಗೆದ್ದ ವರ್ಷ ಅದು, ಆದರೂ ಆರೋವುಡ್ ಸೋತರು. ಆಗ ಜಡ್ಜುಗಳ ಹೆಸರಿನ ಮುಂದೆ ಪಕ್ಷದ ಹೆಸರು ಇರುತ್ತಿರಲಿಲ್ಲ. ಹಾಗಾಗಿ ಮೇಲುಸಾಲಿನ ಗಾಳಿ ಕೆಳಸಾಲಿಗೆ ಬೀಸಲಿಲ್ಲ.

2014ರಲ್ಲಿ ಮತ್ತೆ ನಿಂತರು. ಆ ಸಲ ನಡೆದದ್ದು ಜಾತ್ರೆಯೇ ಸರಿ. ಈ ಕೋರ್ಟಿನ ಮುಖ್ಯ ನ್ಯಾಯಾಧೀಶರ ಕುರ್ಚಿ ವರ್ಷದ ನಡುವೆ ಖಾಲಿಯಾಗಿತ್ತು, ಪ್ರೈಮರಿ, ಅಂದರೆ ಅಭ್ಯರ್ಥಿಗಳನ್ನು ಕಡಿಮೆ ಮಾಡುವ ಮೊದಲ ಸುತ್ತು, ನಡೆಸಲು ಸಮಯವಿರಲಿಲ್ಲ. ಒಂದೇ ಕುರ್ಚಿಗೆ 19 ಜನ! ಪಕ್ಷದ ಹೆಸರಿಲ್ಲ, ಬರೀ ಹೆಸರುಗಳು. ಇದೇ ಕೋರ್ಟಿನಲ್ಲಿ ಮೊದಲು ಜಡ್ಜ್ ಆಗಿದ್ದು 2008ರಲ್ಲಿ ಸೋತಿದ್ದ ಜಾನ್ ಟೈಸನ್ ಗೆದ್ದರು, ನೂರಕ್ಕೆ 24ರಷ್ಟೂ ಓಟಿಲ್ಲದೆ. ಅಂದಹಾಗೆ, 2008ರಲ್ಲಿ ಟೈಸನ್‌ರ ಕುರ್ಚಿಯನ್ನು ಗೆದ್ದವರು ಸ್ಯಾಮ್ ಅರ್ವಿನ್. ಅಧ್ಯಕ್ಷ ನಿಕ್ಸನ್ ಕಾಲದ ವಾಟರ್‌ಗೇಟ್ ಹಗರಣದ ತನಿಖೆ ಮಾಡಿದ ಸಮಿತಿಯ ಸೆನೆಟರ್ ಸ್ಯಾಮ್ ಅರ್ವಿನ್ ಅವರ ಮೊಮ್ಮಗ. ತಾತನ ಹೆಸರೇ ಮೊಮ್ಮಗನಿಗೂ. ಪಕ್ಷ ಕಾಣದ ಬ್ಯಾಲಟ್ಟಿನಲ್ಲಿ ಅಂಥ ಹೆಸರು ಎಷ್ಟು ಕೆಲಸ ಮಾಡುತ್ತದೆ ಅಂತ ನೀವೇ ಯೋಚಿಸಿ.

2016ಕ್ಕೆ ಶಾಸನಸಭೆ ಈ ಕೋರ್ಟಿನ ಅಭ್ಯರ್ಥಿಗಳಿಗೆ ಪಕ್ಷದ ಹೆಸರನ್ನು ಮತ್ತೆ ಅಂಟಿಸಿತು. ಸುಪ್ರೀಂ ಕೋರ್ಟಿಗೆ ಮಾತ್ರ ಆ ವರ್ಷ ಅಂಟಿಸಿರಲಿಲ್ಲ. ಫಲಿತಾಂಶ ನೋಡಿ. ಪಕ್ಷದ ಹೆಸರಿದ್ದ ಕೋರ್ಟ್ ಆಫ್ ಅಪೀಲ್ಸ್‌ನ ಐದಕ್ಕೆ ಐದೂ ಕುರ್ಚಿ ರಿಪಬ್ಲಿಕನ್ನರಿಗೆ ಹೋದವು. ಅದೇ ದಿನ, ಅದೇ ಜನ, ಪಕ್ಷದ ಹೆಸರಿಲ್ಲದ ಸುಪ್ರೀಂ ಕೋರ್ಟ್ ಕುರ್ಚಿಗೆ ಡೆಮಾಕ್ರಾಟ್ ಮೈಕ್ ಮಾರ್ಗನ್ ಅವರನ್ನು ಆರಾಮಾಗಿ ಗೆಲ್ಲಿಸಿದರು. ನಾನು ಮೊದಲು ಪಕ್ಷದ ಹೆಸರು ತೆಗೆದರೆ ಎಲ್ಲ ಸರಿಹೋಗುತ್ತದೆ ಅನ್ನುವವಳು. 19 ಹೆಸರಿನ ಆ ಬ್ಯಾಲಟ್ ನೋಡಿದ ಮೇಲೆ ಹಾಗೆ ಅನ್ನುವುದನ್ನು ಬಿಟ್ಟೆ. ಹೆಸರಿದ್ದರೆ ಪಕ್ಷಕ್ಕೆ ಓಟು, ಇಲ್ಲದಿದ್ದರೆ ಅಂದಾಜಿಗೆ ಓಟು. ಜಡ್ಜ್ ಬರೆದ ತೀರ್ಪು ಎರಡರಲ್ಲೂ ಲೆಕ್ಕಕ್ಕೆ ಬರುವುದಿಲ್ಲ.

ಆರೋವುಡ್‌ಗೆ ಮತ್ತೆ ಬಾಗಿಲು ತೆರೆದದ್ದು 2017ರಲ್ಲಿ, ಅದೂ ಒಬ್ಬ ರಿಪಬ್ಲಿಕನ್ ಕೈಯಿಂದ. ಕೋರ್ಟನ್ನು 15ರಿಂದ 12ಕ್ಕೆ ಇಳಿಸುವ ಮಸೂದೆ ಬಂದಿತ್ತು. ಮುಂದೆ ಖಾಲಿಯಾಗುವ ಮೂರು ಕುರ್ಚಿಗಳನ್ನು ತುಂಬದೆ ಬಿಡುವುದು ಅದರ ಉಪಾಯ. ಖಾಲಿ ಕುರ್ಚಿ ತುಂಬುವ ಅಧಿಕಾರ ಡೆಮಾಕ್ರಾಟ್ ಗವರ್ನರ್ ರಾಯ್ ಕೂಪರ್ ಕೈಯಲ್ಲಿತ್ತಲ್ಲ, ಅದಕ್ಕೆ. ಕೂಪರ್ ವೀಟೊ ಹಾಕಿದರು. ಅದನ್ನು ತಳ್ಳಿಹಾಕುವಷ್ಟು ಬಲ ಶಾಸನಸಭೆಯ ರಿಪಬ್ಲಿಕನ್ನರಿಗಿತ್ತು, ವೀಟೊ ಉಳಿಯುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ಆಗ ಜಡ್ಜ್ ಡಗ್ಲಸ್ ಮೆಕಲಾ, ರಿಪಬ್ಲಿಕನ್, 72ಕ್ಕೆ ಕಡ್ಡಾಯ ನಿವೃತ್ತಿಗೆ ಇನ್ನೊಂದು ತಿಂಗಳು ಚಿಲ್ಲರೆ ದಿನ ಇರುವಾಗಲೇ ರಾಜೀನಾಮೆ ಕೊಟ್ಟರು. ಏಪ್ರಿಲ್ 24ರ ಸೋಮವಾರ. ಕೂಪರ್ ಅವತ್ತೇ ಆರೋವುಡ್‌ರನ್ನು ಕೂರಿಸಿದರು. ಎರಡು ದಿನಕ್ಕೆ ವೀಟೊ ಬಿದ್ದುಹೋಯಿತು, ಕುರ್ಚಿ ಮಾತ್ರ ಉಳಿಯಿತು. ತನ್ನ ಪಕ್ಷಕ್ಕೆ ಎದುರಾಗಿ ತನ್ನ ಕೋರ್ಟನ್ನು ಉಳಿಸಿಕೊಂಡ ಆ ಮನುಷ್ಯನ ಬಗ್ಗೆ ನನಗೆ ಇವತ್ತಿಗೂ ಗೌರವ. 2019ರಲ್ಲಿ ಶಾಸನಸಭೆಯೇ ಸಂಖ್ಯೆಯನ್ನು ಮತ್ತೆ 15ಕ್ಕೆ ತಂದಿತು.

2018ರಲ್ಲಿ ಆರೋವುಡ್ ಕೊನೆಗೂ ಗೆದ್ದರು. ತಾನು ಸಲಿಂಗಿ ಅಂತ ಬಹಿರಂಗವಾಗಿ ಹೇಳಿಕೊಂಡು ಇಡೀ ರಾಜ್ಯದ ಚುನಾವಣೆ ಗೆದ್ದ ಮೊದಲಿಗ ಇಲ್ಲಿ ಅವರೇ. ಮೊದಲ ನೇಮಕದಿಂದ ಈ ಗೆಲುವಿಗೆ ಹನ್ನೊಂದು ವರ್ಷ.

ಅದೇ 2018ರಲ್ಲಿ ಇನ್ನೊಂದು ಕುರ್ಚಿಗೆ ಟೋಬಿ ಹ್ಯಾಂಪ್ಸನ್ ಗೆದ್ದರು. ಸೋತವರಲ್ಲಿ ಒಬ್ಬರು ರಿಪಬ್ಲಿಕನ್ ಜೆಫರ್ಸನ್ ಗ್ರಿಫಿನ್. ಗ್ರಿಫಿನ್ 2020ರಲ್ಲಿ ಬೇರೆ ಕುರ್ಚಿ ಗೆದ್ದು ಅದೇ ಕೋರ್ಟಿಗೆ ಬಂದರು, 2024ರಲ್ಲಿ ಸುಪ್ರೀಂ ಕೋರ್ಟಿಗೆ ನಿಂತರು. 55 ಲಕ್ಷಕ್ಕೂ ಜಾಸ್ತಿ ಓಟಿನಲ್ಲಿ ಡೆಮಾಕ್ರಾಟ್ ಆಲಿಸನ್ ರಿಗ್ಸ್ ಎದುರು ಸೋತದ್ದು 734 ಓಟಿನಿಂದ. ಸುಮಾರು 65 ಸಾವಿರ ಓಟುಗಳನ್ನು ಪ್ರಶ್ನಿಸಿದರು. ಆ ಕೇಸು ಎಲ್ಲಿಗೆ ಬಂತು ಗೊತ್ತಾ? ಅವರದೇ ಕೋರ್ಟಿಗೆ. ಪೀಠದಲ್ಲಿ ಟೈಸನ್, ಫ್ರೆಡ್ ಗೋರ್ ಮತ್ತು ಹ್ಯಾಂಪ್ಸನ್. 2025ರ ಏಪ್ರಿಲ್ 4ರಂದು ಇಬ್ಬರು ರಿಪಬ್ಲಿಕನ್ನರು ಗ್ರಿಫಿನ್ ಕಡೆಗೆ ತೀರ್ಪು ಕೊಟ್ಟರು. ಭಿನ್ನ ತೀರ್ಪು ಬರೆದದ್ದು ಡೆಮಾಕ್ರಾಟ್ ಹ್ಯಾಂಪ್ಸನ್. ಮೇ 5ರಂದು ಫೆಡರಲ್ ಜಡ್ಜ್ ರಿಚರ್ಡ್ ಮೈಯರ್ಸ್ ರಿಗ್ಸ್ ಗೆಲುವನ್ನೇ ದೃಢಪಡಿಸಲು ಹೇಳಿದರು, ಎರಡು ದಿನಕ್ಕೆ ಗ್ರಿಫಿನ್ ಸೋಲು ಒಪ್ಪಿಕೊಂಡರು.

ಫೋನ್ ಮಾಡಿದವರಿಗೆ ನಾನು ಹೇಳುವುದು ಇಷ್ಟೇ: ಈ ಕೋರ್ಟಿನ ತೀರ್ಪುಗಳೆಲ್ಲ ಅದರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಒಂದು ಭಿನ್ನ ತೀರ್ಪು ಇರುವ ಕೇಸು ತೆಗೆದು ಎರಡೂ ಕಡೆ ಓದಿ, ಅರ್ಧ ಗಂಟೆ ಸಾಕು. ಹೆಚ್ಚಿನವರು "ಆಯ್ತು ಮೇಡಂ" ಅಂತಾರೆ. ಆಮೇಲೆ ತುಸು ತಡೆದು, "ಅಲ್ಲ, ಸುಮ್ನೆ ಕೇಳ್ತೀನಿ, ನೀವು ಯಾರಿಗೆ ಹಾಕ್ತೀರ?"