ದಾಸ್ತಾನು ಏರಿದೆ, ಮಾರಾಟ ಎಲ್ಲಿದೆ?

ಒಬ್ಬ ವ್ಯಾಪಾರಿ ತಿಂಗಳಿಗೆ 100 ಪೆಟ್ಟಿಗೆ ಸರಕು ಮಾರುತ್ತಾನೆ, ಗೋದಾಮಿನಲ್ಲಿ ಯಾವಾಗಲೂ 150 ಇಟ್ಟುಕೊಂಡಿರುತ್ತಾನೆ ಎನ್ನಿ. ಒಂದು ತಿಂಗಳು 90 ಮಾತ್ರ ಖರ್ಚಾಯಿತು. ಎಂದಿನಂತೆ ಹೇಳಿಟ್ಟಿದ್ದ 100 ಬಂದು ಬಿದ್ದು ದಾಸ್ತಾನು 160 ಆಯಿತು. ಮಾರಾಟ ಇನ್ನು ಇಷ್ಟೇ ಎಂದಾದರೆ, ತಿಂಗಳ ಮಾರಾಟದ ಒಂದೂವರೆ ಪಟ್ಟು ಎಂಬ ಅದೇ ಲೆಕ್ಕದಲ್ಲಿ ಅವನಿಗೆ 135 ಇದ್ದರೆ ಸಾಕು. ಇರುವ 160ರಲ್ಲಿ 90 ಮಾರಿದರೂ 70 ಉಳಿಯುತ್ತದೆ, ಹಾಗಾಗಿ ಮುಂದಿನ ಆರ್ಡರ್ ಬರೀ 65. ಗಿರಾಕಿಗಳ ಕೊಳ್ಳುವಿಕೆ ಇಳಿದದ್ದು ಶೇ 10, ಕಾರ್ಖಾನೆಗೆ ಬಿದ್ದ ಹೊಡೆತ ಶೇ 35. ಅಂಗಡಿಯ ಸಣ್ಣ ಮಂದಗತಿ ಕಾರ್ಮಿಕರ ಪಾಳಿಗೇ ಕುತ್ತು ತರುವುದು ಹೀಗೆ.

ಈ ಏರಿಳಿತದ ಜಾಡು ಹಿಡಿದು ನೂರು ವರ್ಷ ದಾಟಿತು. 1923ರಲ್ಲಿ ಜೋಸೆಫ್ ಕಿಚಿನ್ ಬ್ರಿಟನ್ ಮತ್ತು ಅಮೆರಿಕದ ಆರ್ಥಿಕ ಅಂಕಿಅಂಶಗಳಲ್ಲಿ ಸುಮಾರು 40 ತಿಂಗಳಿಗೊಮ್ಮೆ ಮರುಕಳಿಸುವ ಅಲೆಯೊಂದನ್ನು ಗುರುತಿಸಿದರು. ಅದಕ್ಕೆ ದಾಸ್ತಾನು ಕಾರಣ ಎಂಬ ವಿವರಣೆ ಗಟ್ಟಿಯಾದದ್ದು ಆಮೇಲೆ. 1941ರಲ್ಲಿ ಅರ್ಥಶಾಸ್ತ್ರಜ್ಞ ಲಾಯ್ಡ್ ಮೆಟ್ಜ್ಲರ್ ಮೇಲಿನಂಥ ಲೆಕ್ಕವನ್ನೇ ಗಣಿತದ ಮಾದರಿಯಾಗಿ ಬೆಳೆಸಿದರು. 1950ರಲ್ಲಿ ಇನ್ನೊಬ್ಬ ಅರ್ಥಶಾಸ್ತ್ರಜ್ಞ ಮೋಸೆಸ್ ಅಬ್ರಮೊವಿಟ್ಜ್ ಎರಡು ಮಹಾಯುದ್ಧಗಳ ನಡುವಿನ ದಾಖಲೆಗಳನ್ನು ಜಾಲಾಡಿ ಅದಕ್ಕೆ ಪುರಾವೆ ಒದಗಿಸಿದರು.

ಬೇಕಾದಾಗ ಬೇಕಾದಷ್ಟೇ ತರಿಸುವ ಟೊಯೊಟಾ ಪದ್ಧತಿ ಹಬ್ಬಿತು, ಲೆಕ್ಕಕ್ಕೆ ಕಂಪ್ಯೂಟರ್ ಬಂತು, ಗೋದಾಮುಗಳು ತೆಳುವಾದವು. ದಾಸ್ತಾನನ್ನು ತಿಂಗಳ ಮಾರಾಟದಿಂದ ಭಾಗಿಸಿದಾಗ ಸಿಗುವ ಅನುಪಾತ ಅಮೆರಿಕದಲ್ಲಿ 1990ರ ದಶಕದ ಆರಂಭಕ್ಕೆ 1.5ರ ಆಸುಪಾಸಿನಲ್ಲಿತ್ತು, 2005ರ ಹೊತ್ತಿಗೆ 1.3ರ ಹತ್ತಿರ ಬಂತು. 2020ರ ಏಪ್ರಿಲ್‌ನಲ್ಲಿ ಅದೇ ಅನುಪಾತ ಸುಮಾರು 1.7ಕ್ಕೆ ಜಿಗಿಯಿತು. ಗೋದಾಮು ತುಂಬಿದ್ದರಿಂದಲ್ಲ, ಮಾರಾಟವೇ ಕುಸಿದದ್ದರಿಂದ.

ದೇಶದ ಒಟ್ಟು ಉತ್ಪಾದನೆಯ ಅಳತೆಯಾದ ಜಿಡಿಪಿಯನ್ನು ಓದುವಾಗಲೂ ಇಲ್ಲೇ ಎಡವುತ್ತೇವೆ. ಮಾರಾಟವಾಗದೆ ಉಳಿದ ಸರಕೂ ಉತ್ಪಾದನೆಯೇ, ಲೆಕ್ಕಕ್ಕೆ ಸೇರುತ್ತದೆ. 2021ರ ಕೊನೆಯ ತ್ರೈಮಾಸಿಕದಲ್ಲಿ ಅಮೆರಿಕದ ಜಿಡಿಪಿ ವಾರ್ಷಿಕ ಲೆಕ್ಕದಲ್ಲಿ ಶೇ 6.9 ಬೆಳೆಯಿತು ಎಂದಿತು ಮೊದಲ ಅಂದಾಜು, ಆ 6.9ರಲ್ಲಿ 4.9 ಶೇಕಡಾ ಅಂಶ ದಾಸ್ತಾನಿನದ್ದು. ಮುಂದಿನ ತ್ರೈಮಾಸಿಕದಲ್ಲಿ ಜಿಡಿಪಿ ಕುಗ್ಗಿತು. ದಾಸ್ತಾನು ಏರುವುದೇ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ನಾಳೆ ಮಾರಾಟ ಹೆಚ್ಚೀತೆಂಬ ಭರವಸೆಯಿಂದ ತುಂಬಿಸಿದ ಗೋದಾಮೂ ಇರುತ್ತದೆ, ಗಿರಾಕಿ ಬಾರದೆ ತುಂಬಿಕೊಂಡದ್ದೂ ಇರುತ್ತದೆ. ಒಟ್ಟು ಅಂಕಿ ಎರಡನ್ನೂ ಒಂದೇ ಎಂಬಂತೆ ತೋರಿಸುತ್ತದೆ. ಪಕ್ಕದಲ್ಲಿ ಮಾರಾಟದ ಅಂಕಿ ಇಟ್ಟಾಗಲಷ್ಟೇ ವ್ಯತ್ಯಾಸ ತಿಳಿಯುವುದು.

2022ರ ಮೊದಲ ತ್ರೈಮಾಸಿಕದ ಅಂತ್ಯಕ್ಕೆ ಅಮೆರಿಕದ ಚಿಲ್ಲರೆ ಮಾರಾಟ ಕಂಪನಿ ಟಾರ್ಗೆಟ್‌ನ ದಾಸ್ತಾನು ವರ್ಷದ ಹಿಂದಿಗಿಂತ ಶೇ 43 ಹೆಚ್ಚಿತ್ತು. ವರಮಾನ ಏರಿದ್ದು ಶೇ 4 ಮಾತ್ರ. ಜನ ಟಿವಿ, ಪೀಠೋಪಕರಣ ಬಿಟ್ಟು ಪ್ರವಾಸಕ್ಕೆ ಖರ್ಚು ಮಾಡತೊಡಗಿದ್ದರು. ಜೂನ್‌ನಲ್ಲಿ ಕಂಪನಿ ಬೆಲೆ ಇಳಿಸಿತು, ಕೊಟ್ಟಿದ್ದ ಆರ್ಡರ್‌ಗಳಲ್ಲಿ ಕೆಲವನ್ನು ರದ್ದು ಮಾಡಿತು.