ಮೈಮೇಲೆ ಹಾರುವ ಹುಂಜ

ಜಾತ್ರೆಯಲ್ಲೋ ಶಾಲೆಯ ಗೇಟಿನ ಮುಂದೆಯೋ ಬುಟ್ಟಿಯಿಟ್ಟುಕೊಂಡು ಗುಲಾಬಿ, ಹಸಿರು, ನೇರಳೆ ಬಣ್ಣ ಬಳಿದ ಕೋಳಿಮರಿ ಮಾರುವವರನ್ನು ನಮ್ಮಲ್ಲಿ ನೋಡದವರು ಕಡಿಮೆ. ಆ ಬುಟ್ಟಿಯಲ್ಲಿರುವವು ಬಹುಪಾಲು ಗಂಡುಮರಿಗಳು. ಮೊಟ್ಟೆಕೋಳಿಗಳ ಹ್ಯಾಚರಿಯಲ್ಲಿ ಮರಿ ಹೊರಬಂದ ದಿನವೇ ಹೆಣ್ಣು ಗಂಡು ಬೇರೆ ಮಾಡುತ್ತಾರೆ. ಮೊಟ್ಟೆಯನ್ನಂತೂ ಇಡದ, ಮಾಂಸಕ್ಕೂ ಬೇಗ ಬಲಿಯದ ಲೆಗ್‌ಹಾರ್ನ್ ತಳಿಯ ಗಂಡಿಗೆ ಅಲ್ಲಿ ಬೆಲೆ ಇಲ್ಲವಾದ್ದರಿಂದ ಅದು ಬಣ್ಣ ಹಚ್ಚಿಸಿಕೊಂಡು ಬೀದಿಗೆ ಬರುತ್ತದೆ. ಚಳಿಗೋ ರಕ್ತಭೇದಿಗೋ ಸಿಕ್ಕಿ ಅನೇಕವು ಬೇಗನೆ ಸಾಯುತ್ತವೆ. ಉಳಿದುಕೊಂಡದ್ದು ರಟ್ಟಿನ ಪೆಟ್ಟಿಗೆಯಲ್ಲಿ ಬಲ್ಬಿನ ಬಿಸಿಗೆ, ಮಕ್ಕಳ ಮಡಿಲಿನಲ್ಲಿ ಬೆಳೆದು, ಐದಾರು ತಿಂಗಳಿಗೆ ಕೆಂಪು ಜುಟ್ಟಿನ ಬಿಳಿ ಹುಂಜವಾಗಿ ಚಿಕಿತ್ಸಾಲಯಕ್ಕೆ ಬರುತ್ತದೆ. ದೂರು ಹೆಚ್ಚುಕಡಿಮೆ ಒಂದೇ: “ಡಾಕ್ಟ್ರೇ, ಇಷ್ಟು ದಿನ ಮಗು ಥರ ಇದ್ದ, ಈಗ ಕಂಡವರ ಮೇಲೆಲ್ಲ ಹಾರ್ತಾನೆ.”

ಇದು ರೋಗವಲ್ಲ, ಸಾಕಿದವರ ಉಪಕಾರ ಮರೆತದ್ದೂ ಅಲ್ಲ. ಮೊಟ್ಟೆಯೊಡೆದು ಬಂದ ಮೊದಲ ಒಂದೆರಡು ದಿನಗಳಲ್ಲಿ ಮರಿಯು ತನ್ನ ಮುಂದೆ ಓಡಾಡುವ ಜೀವವನ್ನೇ ತನ್ನವರೆಂದು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುತ್ತದೆ. ಹೇಂಟೆಯ ಜೊತೆ ಬೆಳೆದ ಮರಿಗೆ ಅದು ಕೋಳಿಗಳ ಹಿಂಡು. ಒಂಟಿಯಾಗಿ ಮನೆಯೊಳಗೆ ಬೆಳೆದ ಮರಿಗೆ ಅದು ನೀವು. ಕೋಳಿಗಳ ಹಿಂಡಿನಲ್ಲಿ ಯಾರು ಯಾರನ್ನು ಕುಕ್ಕಬಹುದು ಎಂಬ ಮೇಲು–ಕೀಳಿನ ಕಟ್ಟುನಿಟ್ಟಾದ ಏರ್ಪಾಡು ಇರುವುದನ್ನು ನಾರ್ವೆಯ ಪ್ರಾಣಿಶಾಸ್ತ್ರಜ್ಞ ಷೆಲ್ಡರಪ್-ಎಬ್ಬೆ 1920ರ ದಶಕದ ಆರಂಭದಲ್ಲೇ ವಿವರಿಸಿದ್ದರು. ಪ್ರಾಯಕ್ಕೆ ಬಂದ ಹುಂಜ ಆ ಏರ್ಪಾಡಿನಲ್ಲಿ ತನ್ನ ಜಾಗವನ್ನು ಗೆದ್ದುಕೊಳ್ಳಲೇಬೇಕು, ಮತ್ತು ಅದಕ್ಕೆ ಎದುರಾಳಿಗಳಾಗಿ ಸಿಗುವವರು ಮನೆಯ ಯಜಮಾನರು, ಅಜ್ಜಿ, ಹಾಲಿನವನು. ಹಿತ್ತಲಿನಲ್ಲಿ ಅಲೆದು ಬೆಳೆದು ಮನುಷ್ಯರಿಂದ ನಾಲ್ಕು ಅಡಿ ದೂರವೇ ಉಳಿಯುವ ನಾಟಿ ಹುಂಜಕ್ಕಿಂತ ಅಂಗೈಯಲ್ಲಿ ಮುದ್ದಿನಿಂದ ಬೆಳೆದ ಹುಂಜವೇ ಹೆಚ್ಚು ಮೈಮೇಲೆ ಬರುವುದು ಇದೇ ಕಾರಣಕ್ಕೆ. ಸಾಕುವವರಿಗೆ ಈ ಮಾತು ರುಚಿಸುವುದಿಲ್ಲ, ಆದರೆ ಮುಂದಿನ ಎಲ್ಲ ಸಲಹೆಗಳೂ ನಿಂತಿರುವುದು ಇದರ ಮೇಲೆಯೇ.

ಹುಂಜ ಸಾಮಾನ್ಯವಾಗಿ ಹೇಳದೆ ಕೇಳದೆ ಎರಗುವುದಿಲ್ಲ. ಮೊದಲು ನೇರವಾಗಿ ಬರದೆ ಓರೆಯಾಗಿ, ಒಂದು ಪಕ್ಕವನ್ನು ತೋರಿಸುತ್ತ ಹತ್ತಿರ ಬರುತ್ತದೆ. ಒಂದು ರೆಕ್ಕೆಯನ್ನು ನೆಲಕ್ಕೆ ತಾಗುವಷ್ಟು ಇಳಿಬಿಟ್ಟು, ಕಾಲಿನಿಂದ ಆ ಗರಿಗಳನ್ನು ಕೆರೆಯುತ್ತ ಅರ್ಧ ಸುತ್ತು ಹಾಕುತ್ತದೆ. ಅಲ್ಲಿ ಕಾಳೇ ಇಲ್ಲದಿದ್ದರೂ ನೆಲವನ್ನು ಕುಟುಕಿ ತಲೆಯೆತ್ತುತ್ತದೆ. ಕುತ್ತಿಗೆಯ ಗರಿಗಳು ಕೆದರಿ ಕೊಡೆಯಂತೆ ಬಿಚ್ಚಿಕೊಂಡವೆಂದರೆ ಮುಂದಿನದು ನೆಗೆತ. ಅಲ್ಲಿಯವರೆಗೆ ನಿಮಗೆ ಕೆಲವು ಕ್ಷಣಗಳ ಅವಕಾಶವಿರುತ್ತದೆ. ಆಗ ತಿರುಗಿ ಓಡಿದರೆ ಅದು ಗೆದ್ದಂತೆ. ಒದ್ದರೆ ಅಥವಾ ಪೊರಕೆ ಬೀಸಿದರೆ ನೀವು ಜಗಳಕ್ಕೆ ಒಪ್ಪಿಕೊಂಡಂತೆ, ಮರುದಿನ ಅದು ಇನ್ನಷ್ಟು ಹಟದಿಂದ ಬರುತ್ತದೆ. ನಿಂತಲ್ಲೇ ನಿಂತು, ಅಗಲವಾದ ಹಲಗೆಯನ್ನೋ ಬುಟ್ಟಿಯನ್ನೋ ಮಂಡಿಯ ಮುಂದೆ ಹಿಡಿದು, ಅದು ತಾನಾಗಿ ಪಕ್ಕಕ್ಕೆ ಸರಿಯುವವರೆಗೆ ನಿಧಾನವಾಗಿ ಅದರ ಕಡೆಗೇ ಹೆಜ್ಜೆಯಿಡಬೇಕು. ಸರಿದ ಕೂಡಲೇ ಒತ್ತಡ ಬಿಟ್ಟು ನಿಮ್ಮ ಕೆಲಸ ನೋಡಿಕೊಳ್ಳಬೇಕು. ಮನೆಯ ಎಲ್ಲರೂ ಹೀಗೆಯೇ, ವಾರಗಟ್ಟಲೆ ತಪ್ಪದೆ ನಡೆದುಕೊಂಡರೆ ಹೆಚ್ಚಿನ ಹುಂಜಗಳು ತಗ್ಗುತ್ತವೆ. ಒಬ್ಬರು ಹೀಗೆ ನಡೆದುಕೊಂಡು ಇನ್ನೊಬ್ಬರು ಚಪ್ಪಲಿ ಎಸೆಯುವ ಮನೆಯಲ್ಲಿ ಏನೂ ಆಗುವುದಿಲ್ಲ.

ಎಂಟು–ಹತ್ತು ಹೇಂಟೆಗಳಿಗೆ ಒಂದು ಹುಂಜ ಎಂಬುದು ಕೋಳಿ ಸಾಕಣೆಯ ಹಳೆಯ ಲೆಕ್ಕ. ಮನೆಯಲ್ಲಿ ಅಷ್ಟು ಸಾಧ್ಯವಿಲ್ಲದಿದ್ದರೂ ಮೂರ್ನಾಲ್ಕು ಹೇಂಟೆಗಳಾದರೂ ಇದ್ದರೆ ಅದಕ್ಕೆ ಮಾಡಲು ಕೆಲಸವಿರುತ್ತದೆ: ಕಾಳು ಕಂಡಾಗ ತಾನು ತಿನ್ನದೆ ಕುಟುಕುಟು ಸದ್ದು ಮಾಡಿ ಹೇಂಟೆಗಳನ್ನು ಕರೆಯುವುದು, ಹದ್ದು ಹಾರಿದರೆ ಒಂದು ಬಗೆಯಲ್ಲಿ, ನಾಯಿ ಬಂದರೆ ಇನ್ನೊಂದು ಬಗೆಯಲ್ಲಿ ಕೂಗಿ ಎಚ್ಚರಿಸುವುದು. ನಿಮ್ಮ ಮೇಲೆ ಎರಗುವ ಅದೇ ಕೆಚ್ಚು ಇಲ್ಲಿ ಕಾವಲಿಗೆ ಬಳಕೆಯಾಗುತ್ತದೆ.

ನಾಯಿಗೆ ಮಾಡಿಸುವಂತೆ ಇದಕ್ಕೂ ಬೀಜ ತೆಗೆಸಬಹುದೇ ಎಂದು ಕೇಳುವವರಿದ್ದಾರೆ. ಹಕ್ಕಿಗಳ ವೃಷಣಗಳು ಹೊಟ್ಟೆಯೊಳಗೆ, ಮೂತ್ರಪಿಂಡದ ಪಕ್ಕದಲ್ಲಿ, ದೊಡ್ಡ ರಕ್ತನಾಳಗಳಿಗೆ ಅಂಟಿಕೊಂಡಂತೆ ಇರುತ್ತವೆ. ಪ್ರಾಯಕ್ಕೆ ಬಂದ ಹುಂಜದಲ್ಲಿ ಆ ಶಸ್ತ್ರಚಿಕಿತ್ಸೆ ಪ್ರಾಣಾಪಾಯದ್ದು, ನಾನು ಸಲಹೆ ಮಾಡುವುದಿಲ್ಲ. ಕಾಲಿನ ಮುಳ್ಳನ್ನು ಬುಡದಿಂದ ಕತ್ತರಿಸುವುದೂ ಬೇಡ. ಅದರ ಒಳಗೆ ಜೀವಂತ ಮೂಳೆಯಿದ್ದು ಧಾರಾಳವಾಗಿ ರಕ್ತ ಸುರಿಯುತ್ತದೆ. ಚೂಪಾದ ತುದಿಯನ್ನಷ್ಟೇ ಅರದಿಂದ ಉಜ್ಜಿ ಮೊಂಡಾಗಿಸಿದರೆ ಸಾಕು. ಹಾಗೆ ಮಾಡಲು ಹಿಡಿಯುವಾಗ ಎದೆಯನ್ನು ಅಮುಕಬಾರದು: ಹಕ್ಕಿಗೆ ನಮ್ಮಂತೆ ವಪೆ (ಎದೆ–ಹೊಟ್ಟೆಯ ನಡುವಿನ ಉಸಿರಾಟದ ಸ್ನಾಯು) ಇಲ್ಲ, ಎದೆಮೂಳೆ ಮುಂದೆ ಹಿಂದೆ ಆಡಿದರೆ ಮಾತ್ರ ಉಸಿರಾಟ. ಹೆದರಿಕೆಯಿಂದ ಬಿಗಿಯಾಗಿ ಅಪ್ಪಿಕೊಂಡವರ ಕೈಯಲ್ಲೇ ಹಕ್ಕಿ ಉಸಿರುಗಟ್ಟಿ ಸಾಯಬಹುದು. ಟವೆಲ್ಲಿನಲ್ಲಿ ರೆಕ್ಕೆಗಳನ್ನು ಸಡಿಲವಾಗಿ ಸುತ್ತಿ, ಎರಡೂ ಕಾಲುಗಳನ್ನು ಬೆರಳುಗಳ ನಡುವೆ ಹಿಡಿದು, ಮುಂಗೈಯ ಮೇಲೆ ಕೂರಿಸಿಕೊಳ್ಳಬೇಕು.

ಹುಂಜ ಕುಕ್ಕಿದರೆ ರೇಬೀಸ್ ಬರುವುದಿಲ್ಲ, ಆದರೆ ಮುಳ್ಳಿನ ಗಾಯ ಸಣ್ಣದಾಗಿ ಕಂಡರೂ ಆಳವಾಗಿರುತ್ತದೆ. ಸೋಪು ನೀರಿನಲ್ಲಿ ಚೆನ್ನಾಗಿ ತೊಳೆದು ಧನುರ್ವಾಯುವಿನ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಬೇಕು. ಪುಟ್ಟ ಮಕ್ಕಳ ಮುಖ ಹುಂಜದ ನೆಗೆತದ ಎತ್ತರದಲ್ಲೇ ಇರುತ್ತದೆಯಾದ್ದರಿಂದ ಕಣ್ಣಿಗೆ ಅಪಾಯ. ಕಾಲಿನಲ್ಲಿ ನರ ಉಬ್ಬಿರುವ ಹಿರಿಯರು ಇನ್ನೂ ಎಚ್ಚರವಾಗಿರಬೇಕು. ಆಸ್ಟ್ರೇಲಿಯಾದಲ್ಲಿ ಹುಂಜ ಕುಕ್ಕಿ ಉಬ್ಬಿದ ರಕ್ತನಾಳ ತೂತಾಗಿ ವೃದ್ಧೆಯೊಬ್ಬರು ರಕ್ತಸ್ರಾವದಿಂದ ತೀರಿಕೊಂಡ ಪ್ರಕರಣ 2019ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ದಾಖಲಾಗಿದೆ. ಅಂಥ ಮನೆಯಲ್ಲಿ ಹುಂಜಕ್ಕೆ ಬೇಲಿ ಬೇಕೇ ಬೇಕು.

ಇನ್ನು ಕೂಗು. ಬೆಳಕು ಕಂಡರೆ ಕೂಗುತ್ತದೆ, ಕತ್ತಲಲ್ಲಿಟ್ಟರೆ ಸುಮ್ಮನಿರುತ್ತದೆ ಎಂಬ ನಂಬಿಕೆ ಅರ್ಧ ಮಾತ್ರ ನಿಜ. ಜಪಾನಿನ ನಗೋಯಾ ವಿಶ್ವವಿದ್ಯಾಲಯದವರು 2013ರಲ್ಲಿ ತೋರಿಸಿದಂತೆ, ಸದಾ ಮಬ್ಬು ಬೆಳಕಿನಲ್ಲಿಟ್ಟ ಹುಂಜಗಳೂ ದೇಹದೊಳಗಿನ ಗಡಿಯಾರವನ್ನು ಅನುಸರಿಸಿ ಸುಮಾರು 24 ಗಂಟೆಗೊಮ್ಮೆ ಮುಂಜಾವಿನ ಹೊತ್ತಿಗೆ ಕೂಗುತ್ತವೆ. ಗಾಳಿಯಾಡುವ, ಕತ್ತಲಾದ ಗೂಡಿನಲ್ಲಿ ಮಲಗಿಸಿದರೆ ಬೀದಿದೀಪ ಮತ್ತು ವಾಹನದ ಬೆಳಕಿಗೆ ಕೂಗುವುದು ತಪ್ಪುತ್ತದೆ, ನಸುಕಿನದು ತಪ್ಪುವುದಿಲ್ಲ. ಕೂಗು ತಗ್ಗಿಸಲೆಂದು ಕುತ್ತಿಗೆಗೆ ಬಿಗಿಯುವ ಪಟ್ಟಿಗಳು ಆನ್‌ಲೈನಿನಲ್ಲಿ ಸಿಗುತ್ತವೆ. ಮೇವು ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟುವ ಭಯವಿರುವುದರಿಂದ ಅವನ್ನು ಕೊಳ್ಳಬೇಡಿ. ಹತ್ತಿರದಿಂದ ಕೇಳಿದರೆ ಹುಂಜದ ಕೂಗು 100 ಡೆಸಿಬಲ್ ಮುಟ್ಟಬಲ್ಲದು, ವಸತಿ ಪ್ರದೇಶಕ್ಕೆ 2000ರ ಶಬ್ದಮಾಲಿನ್ಯ ನಿಯಮಗಳು ಗೊತ್ತುಮಾಡಿದ ರಾತ್ರಿಯ ಮಿತಿ 45. ಫ್ರಾನ್ಸಿನ ಒಲೆರಾನ್ ದ್ವೀಪದ ಮೋರಿಸ್ ಎಂಬ ಹುಂಜದ ಪರ, ಅದರ ಕೂಗಿನ ವಿವಾದದಲ್ಲಿ, ಅಲ್ಲಿನ ನ್ಯಾಯಾಲಯ 2019ರಲ್ಲಿ ತೀರ್ಪು ಕೊಟ್ಟಿತೆಂಬುದು ನಿಜ. ಆದರೆ ನಮಗೆ ಹತ್ತಿರದ ಕೇರಳದ ಅಡೂರಿನಲ್ಲಿ 2025ರಲ್ಲಿ ಬೆಳಗಿನ ಜಾವದ ಕೂಗಿನಿಂದ ನಿದ್ದೆಗೆಟ್ಟ ನೆರೆಯವರ ದೂರಿನ ಮೇಲೆ ಗೂಡನ್ನೇ ಸ್ಥಳಾಂತರಿಸಲು ಅಧಿಕಾರಿಗಳು ಆದೇಶಿಸಿದರು. ಗೋಡೆಗೆ ಗೋಡೆ ತಾಗಿದ ಬಡಾವಣೆಯಲ್ಲಿ ಹುಂಜ ಸಾಕುವುದು ನನ್ನ ದೃಷ್ಟಿಯಲ್ಲಿ ಸರಿಯಲ್ಲ.

ಮೇವಿನಲ್ಲಿ ಒಂದು ತಪ್ಪು ಪದೇ ಪದೇ ಕಾಣುತ್ತದೆ. ಅಂಗಡಿಯ ಲೇಯರ್ ಫೀಡಿನಲ್ಲಿ (ಮೊಟ್ಟೆಕೋಳಿಯ ಮೇವು) ಮೊಟ್ಟೆಯ ಚಿಪ್ಪಿಗೆಂದು ಶೇ 3.5ರಿಂದ 4ರಷ್ಟು ಕ್ಯಾಲ್ಸಿಯಂ ಇರುತ್ತದೆ. ಮೊಟ್ಟೆಯಿಡದ ಹುಂಜಕ್ಕೆ ಶೇ 1ರಷ್ಟು ಸಾಕು. ತಿಂಗಳುಗಟ್ಟಲೆ ಅದನ್ನೇ ತಿಂದರೆ ಮೂತ್ರಪಿಂಡ ಕೆಡುವ ಸಾಧ್ಯತೆಯಿದೆ. ಗ್ರೋವರ್ ಫೀಡು (ಬೆಳೆಯುವ ಕೋಳಿಯ ಮೇವು), ಜೊತೆಗೆ ಜೋಳ, ಸಜ್ಜೆ, ನುಗ್ಗೆಸೊಪ್ಪು ಒಳ್ಳೆಯದು. ಬರೀ ಅನ್ನ ಸಾಲದು. ತಾರಸಿಯ ಸಿಮೆಂಟಿನ ಮೇಲೆಯೇ ಬದುಕುವ ಭಾರದ ಹುಂಜಗಳಿಗೆ ಅಂಗಾಲಿನಲ್ಲಿ ಕಪ್ಪು ಹಕ್ಕಳೆ ಕಟ್ಟಿ ಒಳಗೆ ಕೀವು ತುಂಬುತ್ತದೆ, ಹಾಗಾಗಿ ಮಣ್ಣು ಅಥವಾ ಭತ್ತದ ಹೊಟ್ಟು ಹಾಸಿದ ಜಾಗ ಬೇಕು. ಕೊಕ್ಕರೆ ರೋಗಕ್ಕೆ (ರಾಣಿಖೇತ್) ಮೊದಲ ವಾರದಲ್ಲಿ ಲಸೋಟ ಲಸಿಕೆಯ ಹನಿ, ಸುಮಾರು ತಿಂಗಳಿಗೆ ಮತ್ತೊಮ್ಮೆ, ಎಂಟು ವಾರಕ್ಕೆ ಆರ್-ಟು-ಬಿ ಚುಚ್ಚುಮದ್ದು. ಲಸಿಕೆಯ ಸೀಸೆ ಸಾಮಾನ್ಯವಾಗಿ ನೂರಾರು ಡೋಸಿನದಾಗಿರುವುದರಿಂದ ಒಂದು ಹಕ್ಕಿಗಾಗಿ ತೆರೆಯುವುದು ಕಷ್ಟ, ಹತ್ತಿರದ ಪಶು ಆಸ್ಪತ್ರೆಯಲ್ಲಿ ಲಸಿಕೆ ಹಾಕುವ ದಿನ ಕೇಳಿಕೊಂಡು ಒಯ್ಯಿರಿ.

ಎಷ್ಟು ಮಾಡಿದರೂ ಕೆಲವು ಹುಂಜಗಳು ಬಗ್ಗುವುದಿಲ್ಲ. ಅವನ್ನು ಹೇಂಟೆಗಳಿರುವ, ಜಾಗ ಇರುವ ತೋಟದ ಮನೆಗೆ ಕೊಡುವುದು ಒಳ್ಳೆಯದು. ಕೊಂಡವರು ಎರಡು–ಮೂರು ವಾರ ಬೇರೆ ಗೂಡಿನಲ್ಲಿಟ್ಟು ರೋಗವಿಲ್ಲವೆಂದು ಖಾತರಿ ಮಾಡಿಕೊಂಡೇ ಹಿಂಡಿಗೆ ಬಿಡಲಿ. ಕರಾವಳಿಯಲ್ಲಾದರೆ, ಇಂಥ ಕೆಚ್ಚಿನ ಹಕ್ಕಿಗೆ, ಅದರಲ್ಲೂ ಅಸೀಲ್ ಎಂಬ ಕಾಳಗದ ತಳಿಯ ರಕ್ತವಿರುವುದಕ್ಕೆ, ಒಳ್ಳೆಯ ಬೆಲೆ ಹೇಳಿ ಬರುವವರು ಕೋಳಿ ಅಂಕಕ್ಕೆ ಒಯ್ಯುವವರಾಗಿರಬಹುದು. ಕಾಲಿಗೆ ಕತ್ತಿ ಕಟ್ಟಿ ಕಾದಾಡಿಸುವುದು 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಹಕ್ಕಿಯನ್ನು ಯಾರ ಕೈಗೆ ಕೊಡುತ್ತಿದ್ದೀರಿ, ಅವರ ಮನೆಯಲ್ಲಿ ಹೇಂಟೆಗಳಿವೆಯೇ ಎಂದು ಹೋಗಿ ನೋಡಿಯೇ ಕೊಡಿ.